ಹಿತ್ತಲ ಕಲ್ಲಿನ ಜೀರ್ಣೋದ್ಧಾರ

ಶಂಕ್ರಮ್ಮನವರು ನಲವತ್ತಾರು ವರ್ಷದಿಂದ ತಮಗಾಗಿ ಉಳಿಸಿಕೊಂಡಿದ್ದ ಜಾಗವನ್ನು ಅವರಿಂದ ಕಿತ್ತುಕೊಂಡವಳು ನಾನು. ದೊಡ್ಡ ಜಾಗವೇನಲ್ಲ, ಒಬ್ಬರು ಚಕ್ಕಳಮಕ್ಕಳ ಹಾಕಿ ಕೂರುವಷ್ಟು. ನೀವೇನು ಬೇಕೆಂದು ಮಾಡಿದಿರಾ ಎಂದು ಎಲ್ಲರೂ ಸಮಾಧಾನ ಹೇಳುತ್ತಾರೆ. ಆ ಸಮಾಧಾನ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಬೇಕೆಂದು ಮಾಡುವವರಿಗೆ ತಾವೇನು ಮಾಡುತ್ತಿದ್ದೇವೆ ಎಂದಾದರೂ ಗೊತ್ತಿರುತ್ತದೆ.

ನಾನು ತುಂಗಾ, ತಮಿಳು ನೆಲದ ಮಾಧವರಂ ಕನ್ನಡಿಗರ ಚರಿತ್ರೆ ಸಂಘದ ಕಾರ್ಯದರ್ಶಿ. ಸಂಘದಲ್ಲಿ ಮುಕ್ಕಾಲು ಪಾಲು ನಮ್ಮಂಥ ಉಡುಪಿ ಕಡೆಯ ಹೋಟೆಲಿನವರು, ಉಳಿದವರು ಗದಗ, ಬ್ಯಾಡಗಿ ಕಡೆಯಿಂದ ವ್ಯಾಪಾರಕ್ಕೆ ಬಂದ ಲಿಂಗಾಯತರು. ಮುಚ್ಚಿಹೋದ ಹೋಟೆಲುಗಳ ತಿಂಡಿ ಬೋರ್ಡು, ಹಿತ್ತಾಳೆ ಫಿಲ್ಟರು, ರುಬ್ಬುವ ಕಲ್ಲು, ಹಳೆಯ ಕಾಗದಪತ್ರ ಎಲ್ಲ ಕಲೆಹಾಕುತ್ತೇವೆ. ಹಿರಿಯರನ್ನು ಕೂರಿಸಿ ಅವರ ಮಾತು ರೆಕಾರ್ಡು ಮಾಡುತ್ತೇವೆ. ವರ್ಷಕ್ಕೆ ನಾಲ್ಕು ಕಾರ್ಯಕ್ರಮ, ನಾಲ್ಕಕ್ಕೂ ಊಟ. ಊಟವಿಲ್ಲದಿದ್ದರೆ ಚರಿತ್ರೆ ಕೇಳಲು ಹೋಟೆಲಿನವರು ಕೂಡ ಬರುವುದಿಲ್ಲ.

ನಮಗೊಂದು ಮನೆ ಸಿಕ್ಕಿದ್ದು ನಾಲ್ಕು ವರ್ಷದ ಹಿಂದೆ, ಹಾಲಿನ ಡೈರಿಯ ಹಿಂದಿನ ಬೀದಿಯಲ್ಲಿ. ಅದು ಚನ್ನವೀರಪ್ಪನವರ ಮನೆ. ಬ್ಯಾಡಗಿ ಮೆಣಸಿನಕಾಯಿ ತರಿಸಿ ಊರಿನ ಹೋಟೆಲುಗಳಿಗೆಲ್ಲ ಕೊಡುತ್ತಿದ್ದವರು ಅವರು. ಕುಂದಾಪುರದಿಂದ ಕೆಲಸ ಹುಡುಕಿ ಬಂದವರು ಮೊದಲ ವಾರ ಅವರ ಜಗಲಿಯಲ್ಲೇ ಮಲಗುತ್ತಿದ್ದರಂತೆ. ಅವರ ಮಗ ರುದ್ರಮುನಿ ಆ ಮನೆಯನ್ನು ಸಂಘಕ್ಕೆ ದಾನವಾಗಿ ಬರೆದುಕೊಟ್ಟು, ತಾಯಿ ಶಂಕ್ರಮ್ಮನವರನ್ನು ಕರೆದುಕೊಂಡು ಪೆರಂಬೂರಿನ ಫ್ಲಾಟಿಗೆ ಹೋದರು.

ಸಂಘದ ಕೆಲಸದಲ್ಲಿ ನನಗೆ ಎರಡು ಹಠ. ಇಬ್ಬರ ಬಾಯಿಂದ ಕೇಳದೆ ಯಾವ ಮಾತನ್ನೂ ಕಡತಕ್ಕೆ ಸೇರಿಸುವುದಿಲ್ಲ. ಹಳೆಯ ವಸ್ತುವನ್ನು ಇದ್ದ ಜಾಗದಿಂದ ಅಲುಗಿಸಲು ಬಿಡುವುದಿಲ್ಲ. ಈ ಹಠಕ್ಕೆ ಸಂಘದಲ್ಲಿ ನನ್ನನ್ನು ಹಿಂದಿನಿಂದ ಹೆಡ್ಮಿಸ್ಟ್ರೆಸ್ ಎನ್ನುತ್ತಾರೆ, ನನಗೆ ಗೊತ್ತು. ಎರಡನ್ನೂ ಮುರಿದವಳು ನಾನೇ.

ಮೊದಲನೆಯದನ್ನು ಮುರಿದದ್ದು ದಾಕ್ಷಿಣ್ಯದಿಂದ. ರುದ್ರಮುನಿ ತಂದೆಯ ವಿವರವನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟಿದ್ದರು. "೧೯೭೯ರಲ್ಲಿ ಊರಿಗೆ ಹೋದರು, ಅಲ್ಲೇ ತೀರಿಕೊಂಡರು" ಎಂದಿತ್ತು. ಇದನ್ನು ಶಂಕ್ರಮ್ಮನವರ ಬಾಯಿಂದಲೂ ಕೇಳಬೇಕಿತ್ತು. ಗಂಡನನ್ನು ಕಳೆದುಕೊಂಡವರ ಎದುರು ಆ ಮಾತೆತ್ತಲು ನನಗೆ ನಾಲಿಗೆ ಏಳಲಿಲ್ಲ. ಮೆಣಸಿನಕಾಯಿ, ರೈಲು, ಹೋಟೆಲು ಎಂದು ಮೂರು ಗಂಟೆ ರೆಕಾರ್ಡು ಮಾಡಿಕೊಂಡು ಆ ಒಂದು ಪ್ರಶ್ನೆ ಬಿಟ್ಟೆ. ರುದ್ರಮುನಿಯ ಸಾಲು ಹಾಗೇ ನಮ್ಮ ಪುಸ್ತಿಕೆಯಲ್ಲಿ ಅಚ್ಚಾಯಿತು.

ಹಿತ್ತಲಲ್ಲಿ ಬೇವಿನ ಮರದ ಬುಡದಲ್ಲಿ ಒಂದು ಕಲ್ಲಿತ್ತು. ಮೊಳದೆತ್ತರದ್ದು. ಮಣಲಿ ಕಡೆಯ ಕಾರ್ಖಾನೆಗಳ ಗಾಳಿಗೋ ಬೋರ್‌ವೆಲ್ಲಿನ ಉಪ್ಪುನೀರಿಗೋ ಅದರ ಕೆತ್ತನೆಯೆಲ್ಲ ಸವೆದುಹೋಗಿತ್ತು. ಮೇಲೆ ದುಂಡಗೆ, ಕೆಳಗೆ ಸುತ್ತಿಕೊಂಡಂತೆ ಒಂದು ಪಟ್ಟಿ. ನನಗೆ ಕಂಡದ್ದು ಹೆಡೆ ಮತ್ತು ಸುರುಳಿ. ಕರಾವಳಿಯವರ ಕಣ್ಣಿಗೆ ಮರದ ಬುಡದ ಕಲ್ಲೆಲ್ಲ ನಾಗನೇ. ನಾನು ಚರಿತ್ರೆಯಲ್ಲಿ ಎಂ.ಎ. ಮಾಡಿದವಳು, ಆದರೆ ನಾಗ ಎಂದೊಡನೆ ಆ ಎಂ.ಎ. ಚಪ್ಪಲಿಯ ಜೊತೆ ಹೊರಗೇ ಉಳಿಯುತ್ತದೆ.

ಶಂಕ್ರಮ್ಮನವರು ಪ್ರತಿ ಸೋಮವಾರ ಬಂದು ಕಲ್ಲಿಗೆ ವಿಭೂತಿ ಹಚ್ಚಿ, ಹೂವಿಟ್ಟು, ಸ್ವಲ್ಪ ಹೊತ್ತು ಕೂತು ಹೋಗುತ್ತಿದ್ದರು. ಅದನ್ನು ನೋಡಿ ನನ್ನ ಅಲ್ಪಸ್ವಲ್ಪ ಅನುಮಾನವೂ ಹೋಯಿತು. ನಾನು ದಿನಾ ಸಂಜೆ ದೀಪ ಹಚ್ಚತೊಡಗಿದೆ. ನಾಗರಪಂಚಮಿಗೆ ಅರಿಶಿನ, ಹಾಲು, ಎಳನೀರು, ಇನ್ನೂರು ಜನಕ್ಕೆ ಊಟ. ಸಂಘದ ಕಾರ್ಯಕ್ರಮಗಳಲ್ಲೆಲ್ಲ ಅದಕ್ಕೇ ಹೆಚ್ಚು ಜನ ಸೇರುತ್ತಿದ್ದರು. ಆ ದಿನ ಮಾತ್ರ ಶಂಕ್ರಮ್ಮನವರು ಇರುತ್ತಿರಲಿಲ್ಲ. ಪಂಚಮಿಗೆ ಅವರ ಕಡೆಯ ಹೆಣ್ಣುಮಕ್ಕಳು ತವರಿಗೆ ಹೋಗಲೇಬೇಕು. ಎಪ್ಪತ್ತೆಂಟರ ವಯಸ್ಸಿನಲ್ಲೂ ಅವರು ರೈಲು ಹತ್ತಿ ಗದಗದ ತಮ್ಮನ ಮನೆಗೆ ಹೋಗುತ್ತಿದ್ದರು.

ಒಂದು ಸೋಮವಾರ ಸಂಜೆ ನಾನು ದೀಪ ಹಚ್ಚುವಾಗ ಅವರು ನನ್ನ ಕೈ ಹಿಡಿದು ಅತ್ತುಬಿಟ್ಟಿದ್ದರು.

"ನೀ ಯಾ ಜನ್ಮದಾಗ ನನ್ನ ಮಗಳಾಗಿದ್ದಿ ತುಂಗವ್ವ" ಎಂದಿದ್ದರು.

ಎಂಥ ಭಕ್ತಿ ಎಂದುಕೊಂಡೆ. ನನ್ನ ಕಣ್ಣೂ ಒದ್ದೆಯಾಗಿತ್ತು.

ಎರಡನೆಯ ಹಠವನ್ನು ಮುರಿದದ್ದು ಭಯದಿಂದ. ಈ ವರ್ಷ ಸಂಘದ ಅಧ್ಯಕ್ಷ ಸದಾನಂದಣ್ಣನ ಹೋಟೆಲಿನ ಅಡುಗೆಮನೆಯ ಚಾವಣಿ ಕುಸಿಯಿತು. ಯಾರಿಗೂ ಏನೂ ಆಗಲಿಲ್ಲ, ಆದರೂ ಅವರು ಊರಿಗೆ ಹೋಗಿ ಜೋಯಿಸರಲ್ಲಿ ಪ್ರಶ್ನೆ ಇಡಿಸಿದರು. ನಿಮ್ಮ ಕೈಕೆಳಗೆ ಒಂದು ನಾಗ ಬಿಸಿಲು ಮಳೆಯಲ್ಲಿ ನಿಂತಿದ್ದಾನೆ, ಜೀರ್ಣೋದ್ಧಾರ ಮಾಡಿಸಿ ಎಂದರಂತೆ. ಕಲ್ಲು ಎತ್ತಿ, ತಳ ಅಗೆದು, ಉಡುಪಿಯ ಕೆಂಪು ಮುರಕಲ್ಲಿನ ಕಟ್ಟೆ ಕಟ್ಟಿ, ಮತ್ತೆ ಪ್ರತಿಷ್ಠೆ ಮಾಡಬೇಕು. ಸಂಘದ ವಾರ್ಷಿಕೋತ್ಸವದ ದಿನವೇ ಆಗಲಿ ಎಂದರು.

"ಕಲ್ಲು ಎತ್ತುವುದು ಬೇಡ ಸದಾನಂದಣ್ಣ. ಅದು ಇದ್ದಲ್ಲೇ ಇರಲಿ, ಸುತ್ತ ಒಂದು ಕಟ್ಟೆ ಕಟ್ಟುವ" ಎಂದೆ.

"ನಾಗನ ವಿಷಯದಲ್ಲಿ ಅರ್ಧಂಬರ್ಧ ಮಾಡಿದ್ರೆ ಎಂತ ಆಗ್ತದೆ ಅಂತ ನಿನಗೆ ಹೇಳಿಕೊಡ್ಬೇಕಾ ಮಾರಾಯ್ತಿ. ವೀಕ್ಷಾನಿಗೆ ಈಗ ಎಷ್ಟು ತಿಂಗಳು?" ಎಂದರು ಅವರು.

ವೀಕ್ಷಾ ನನ್ನ ಮಗಳು. ಐದು ತಿಂಗಳ ಬಸುರಿ. ನಾನು ಅಲ್ಲೇ ನಿರ್ಣಯಕ್ಕೆ ಸಹಿ ಹಾಕಿದೆ. ಅವತ್ತೇ ಶಂಕ್ರಮ್ಮನವರಿಗೆ ಫೋನು ಮಾಡಿ, ಹಿತ್ತಲ ಕಲ್ಲಿಗೆ ಹೊಸ ಕಟ್ಟೆ ಕಟ್ಟಿಸುತ್ತಿದ್ದೇವೆ, ಭಾನುವಾರ ಹತ್ತು ಗಂಟೆಗೆ ಬನ್ನಿ ಎಂದೆ. ಕಟ್ಟೆಯ ಮಾತನ್ನು ಅವರು ನನ್ನಿಂದ ಎರಡು ಸಲ ಹೇಳಿಸಿಕೊಂಡರು. ಆಮೇಲೆ, "ರುದ್ರಮುನಿ ಬ್ಯಾಡಗಿಗೆ ಹೋಗ್ಯಾನ. ಬಂದ ಮ್ಯಾಲೆ ಅವಂಗೆ ತೋರಸ್ತೀನಿ" ಎಂದರು.

ಭಾನುವಾರ ಬೆಳಿಗ್ಗೆ ಉಡುಪಿಯಿಂದ ಕಿಟ್ಟಣ್ಣ ಭಟ್ಟರು ಬಂದರು. ಮಂತ್ರ ಹೇಳಿ ಕಲ್ಲನ್ನು ಎತ್ತಿಸಿ ನೀರಿನ ಕೊಪ್ಪರಿಗೆಯಲ್ಲಿ ಇಡಿಸಿದರು. ಇಬ್ಬರು ಕೂಲಿಯವರು ತಳ ಅಗೆಯತೊಡಗಿದರು. ಜಗಲಿಯಲ್ಲಿ ಎಂಬತ್ತು ಜನ ಕಾಫಿ ಕುಡಿಯುತ್ತಿದ್ದರು. ವೀಕ್ಷಾ ಸಂಘದ ದಾಖಲೆಗೆಂದು ಫೋನಿನಲ್ಲಿ ವಿಡಿಯೊ ತೆಗೆಯುತ್ತಿದ್ದಳು. ನಾನು ಸೀರೆ ಸೆರಗು ಸಿಕ್ಕಿಸಿಕೊಂಡು ಗುಂಡಿಯ ಅಂಚಿನಲ್ಲಿ ನಿಂತು ಅಪ್ಪಣೆ ಕೊಡುತ್ತಿದ್ದೆ.

ಮೂರಡಿಯ ಕೆಳಗೆ ಬಿಳಿ ಹೆಂಟೆ ಬಂತು. ಸುಣ್ಣ ಇರಬೇಕು ಎಂದರು ಭಟ್ಟರು. ಇನ್ನೊಂದು ಏಟಿಗೆ ಗುದ್ದಲಿಯ ಸದ್ದು ಬದಲಾಯಿತು. ಕೂಲಿಯವನು ಬಗ್ಗಿ ಕೈಯಲ್ಲಿ ಮಣ್ಣು ಸರಿಸಿದ, ಗುದ್ದಲಿ ಅಲ್ಲೇ ಬಿಟ್ಟು ಗುಂಡಿಯಿಂದ ಹೊರಗೆ ಹಾರಿದ.

ಅದು ಮನುಷ್ಯನ ತಲೆ. ನೆತ್ತಿಯ ಮೇಲೆ ಗುದ್ದಲಿ ತಾಗಿ ಬಿರುಕು ಬಿಟ್ಟಿತ್ತು. ಮಲಗಿದ ತಲೆಯಲ್ಲ, ನೆಟ್ಟಗೆ ಕೂತ ತಲೆ. ಇನ್ನೊಬ್ಬ ಕೂಲಿಯವನು ಇಳಿಯುತ್ತಿದ್ದಂತೆ ಪಕ್ಕದ ಮಣ್ಣು ತಾನಾಗಿ ಜರಿದು ಭುಜ, ಪಕ್ಕೆಲುಬು, ಮಡಿಸಿದ ಮೊಣಕಾಲು ಕಂಡವು. ಜಗಲಿಯಲ್ಲಿದ್ದವರೆಲ್ಲ ಕಾಫಿ ಲೋಟ ಹಿಡಿದೇ ಹಿತ್ತಲಿಗೆ ನುಗ್ಗಿದರು.

"ನರಬಲಿ" ಎಂದರು ಸದಾನಂದಣ್ಣ.

ಕಿಟ್ಟಣ್ಣ ಭಟ್ಟರು ಬಾವಿಕಟ್ಟೆಗೆ ಹೋಗಿ ತಲೆಗೆ ನೀರು ಸುರಿದುಕೊಂಡರು. ಪಕ್ಕದ ಮನೆಯ ಮಹಡಿಯಿಂದ ನೋಡಿದವರು ಪೊಲೀಸರಿಗೆ ಫೋನು ಮಾಡಿದರು. ಕಾಲು ಗಂಟೆಯಲ್ಲಿ ಇನ್‌ಸ್ಪೆಕ್ಟರು, ಇಬ್ಬರು ಕಾನ್‌ಸ್ಟೇಬಲ್ಲು ಬಂದರು. ಇನ್‌ಸ್ಪೆಕ್ಟರು ಗುಂಡಿಯನ್ನು ನೋಡಿ, ನಮ್ಮನ್ನೆಲ್ಲ ನೋಡಿ, "ಇಂದ ವೀಟ್ಟುಲ ಯಾರಾವದು ಕಾಣಾಮ ಪೋನಾಂಗಳಾ?" ಎಂದರು. ಈ ಮನೆಯಲ್ಲಿ ಯಾರಾದರೂ ಕಾಣೆಯಾಗಿದ್ದರೇ ಎಂದು.

ಉತ್ತರ ಹೇಳಲು ಮುಂದಾದವಳು ನಾನು. ಈ ಮನೆಯ ಚರಿತ್ರೆ ನನಗೆ ತಾನೇ ಗೊತ್ತಿರುವುದು.

ನಮ್ಮ ಸಂಗ್ರಹದಲ್ಲಿ ೧೯೭೯ರ ಒಂದು ಕಾಗದವಿದೆ. ಗೋದಾಬಾಯಿ ಎಂಬ ತಾಯಿ ಕುಂದಾಪುರದಿಂದ ಚನ್ನವೀರಪ್ಪನವರಿಗೆ ಬರೆದದ್ದು. ನನ್ನ ಮಗ ಮೋಹನ್ ನಿಮ್ಮ ಮನೆಗೆ ಬಂದು ಮೂರು ತಿಂಗಳಾಯಿತು, ಅವನ ಸುದ್ದಿ ಇಲ್ಲ, ದಯವಿಟ್ಟು ತಿಳಿಸಿ ಎಂದು. ನಾನು ಅದನ್ನು ಗಾಜು ಹಾಕಿಸಿ ಗೋಡೆಗೆ ತೂಗುಹಾಕಿದ್ದೆ. ಈಗ ಇನ್‌ಸ್ಪೆಕ್ಟರನ್ನು ಒಳಗೆ ಕರೆದುಕೊಂಡು ಹೋಗಿ ಅದನ್ನು ತೋರಿಸಿದೆ. ಪುಸ್ತಿಕೆ ತೆರೆದು, ಅದೇ ವರ್ಷ ಚನ್ನವೀರಪ್ಪನವರು ಊರಿಗೆ ಹೋದರು, ಅಲ್ಲೇ ತೀರಿಕೊಂಡರು ಎಂಬ ಸಾಲನ್ನೂ ತೋರಿಸಿದೆ. ವೀಕ್ಷಾ ನನ್ನ ಸೆರಗು ಜಗ್ಗಿ, "ಅಮ್ಮಾ, ಪೋದುಂ" ಎಂದಳು. ಸಾಕು ಎಂದರೂ ನನ್ನ ಬಾಯಿ ನಿಲ್ಲಲಿಲ್ಲ. ಇಬ್ಬರ ನಡುವೆ ಏನೋ ನಡೆದಿರಬೇಕು, ಚನ್ನವೀರಪ್ಪನವರು ಅವನನ್ನು ಇಲ್ಲಿ ಹೂತು ಓಡಿಹೋಗಿರಬೇಕು ಎಂದು ನಾನೇ ತಮಿಳಿನಲ್ಲಿ ಒಂದೊಂದಾಗಿ ಬಿಡಿಸಿ ಹೇಳಿದೆ. ಇನ್‌ಸ್ಪೆಕ್ಟರು ಬರೆದುಕೊಂಡರು. ನಿಜ ಹೇಳಿದರೆ, ಆ ಗಾಬರಿಯಲ್ಲೂ ನನಗೆ ಒಂದು ಹೆಮ್ಮೆಯಿತ್ತು. ನಮ್ಮ ಕಡತ ಉಪಯೋಗಕ್ಕೆ ಬಂತಲ್ಲ ಎಂದು.

ತಿರುಗಿದರೆ ಬಾಗಿಲಲ್ಲಿ ಶಂಕ್ರಮ್ಮನವರು ನಿಂತಿದ್ದರು. ಹೊಸ ಇಳಕಲ್ ಸೀರೆ, ಹಣೆ ತುಂಬ ವಿಭೂತಿ, ಕೈಯಲ್ಲಿ ಬಿಲ್ವಪತ್ರೆಯ ಚೀಲ. ಎಷ್ಟು ಹೊತ್ತಿನಿಂದ ನಿಂತಿದ್ದರೋ. ನಮ್ಮನ್ನು ದಾಟಿಕೊಂಡು ಹಿತ್ತಲಿಗೆ ಹೋದರು. ಗುಂಡಿಯ ಅಂಚಿಗೆ ಹೋಗಿ ಕೆಳಗೆ ನೋಡಿದರು. ಮೊಣಕಾಲು ಮಡಚಿ ಅಲ್ಲೇ ಕೂತುಬಿಟ್ಟರು.

"ಯಾಕ ಎಬ್ಬಿಸಿದ್ರಿ ಇವ್ರನ್ನ" ಎಂದರು.

"ಯಾರಮ್ಮ ಅದು?" ಎಂದೆ.

"ನಮ್ಮನಿಯವ್ರು."

ಆಮೇಲೆ ತಲೆಯೆತ್ತಿ ನನ್ನನ್ನೇ ನೋಡಿದರು. "ಆ ಮೋಹನ್ ಸತ್ತಿಲ್ಲ ತುಂಗವ್ವ. ಮುಂಬೈಗೆ ಹೋದ. ಅಲ್ಲಿಂದ ಎರಡ ಸಲ ಕಾಗದ ಬರದಿದ್ದ, ಅವರವ್ವಗೂ ತಿಳಿಸಿದ್ವಿ. ನನ್ನ ಕೇಳಿದ್ರ ಹೇಳ್ತಿದ್ದೆ."

ಇನ್‌ಸ್ಪೆಕ್ಟರು, ಇದು ನಿಮ್ಮ ಗಂಡ ಎಂಬುದಕ್ಕೆ ಏನು ಆಧಾರ ಎಂದು ಕೇಳಿದರು. ಎಡಗೈ ನೋಡಿ ಎಂದು ಶಂಕ್ರಮ್ಮನವರು ತಮಿಳಿನಲ್ಲಿ ಹೇಳಿದರು. ಕಾನ್‌ಸ್ಟೇಬಲ್ಲು ಗುಂಡಿಗೆ ಇಳಿದು ಕಡ್ಡಿಯಿಂದ ಮೆಲ್ಲಗೆ ಮಣ್ಣು ಬಿಡಿಸಿದ. ಬೆರಳ ಮೂಳೆಗಳ ನಡುವೆ ಕಪ್ಪಗೆ, ನುಣ್ಣಗೆ, ನೆಲ್ಲಿಕಾಯಿಯಷ್ಟು ದೊಡ್ಡದಾದ ಇಷ್ಟಲಿಂಗ. ಆ ಬಿಳಿ ಹೆಂಟೆ ಸುಣ್ಣವಲ್ಲ, ವಿಭೂತಿ. ಮೇಲಿದ್ದ ಕಲ್ಲಿನಲ್ಲಿ ನಾನು ಕಂಡದ್ದು ಹೆಡೆಯೂ ಸುರುಳಿಯೂ ಅಲ್ಲ, ಲಿಂಗ ಮತ್ತು ಅದರ ಪೀಠ.

ಲಿಂಗಾಯತರು ಸತ್ತವರನ್ನು ಸುಡುವುದಿಲ್ಲ. ಕೂರಿಸಿ, ಕೈಯಲ್ಲಿ ಲಿಂಗವಿಟ್ಟು, ವಿಭೂತಿ ಹಾಕಿ ಹೂಳುತ್ತಾರೆ. ಸ್ವಂತ ಹೊಲವಿದ್ದವರು ಹೊಲದಲ್ಲೇ ಹೂಳುತ್ತಾರೆ. ಇದು ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು, ಒಂದು ಭಾಷಣವನ್ನೂ ಏರ್ಪಡಿಸಿದ್ದೆ. ಆದರೆ ಹಿತ್ತಲಲ್ಲಿ ಕಲ್ಲು ಕಂಡಾಗ ಕೆಲಸ ಮಾಡಿದ್ದು ಓದಿದ್ದಲ್ಲ, ಹುಟ್ಟಿದ್ದು. ಸುಡುವ ಮನೆಯಲ್ಲಿ ಹುಟ್ಟಿದವಳಿಗೆ ಹಿತ್ತಲಲ್ಲಿ ಗಂಡ ಇರಬಹುದೆಂದು ಹೊಳೆಯಲೇ ಇಲ್ಲ.

"ಅಮ್ಮ, ನಾವು ಅದನ್ನು ನಾಗನ ಕಲ್ಲು ಅಂತ ತಿಳಿದದ್ದು" ಎಂದೆ.

"ಯಾ ನಾಗ?"

"ನಾಗದೇವರು. ನೀವೂ ಪೂಜೆ ಮಾಡ್ತಿದ್ರಲ್ಲ, ಹಾಗಾಗಿ."

ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾಗುವುದು ನನಗೆ ಕಾಣಿಸುತ್ತಿತ್ತು. ಅವರ ಮುಖದಲ್ಲಿ ಒಂದೊಂದೇ ಕಳಚಿ ಬೀಳುತ್ತಿತ್ತು.

"ಹಂಗಾರ ನೀ ದಿನಾ ಹಚ್ಚಿದ ದೀಪ?"

ನಾನು ಕೊಪ್ಪರಿಗೆಯಲ್ಲಿದ್ದ ಕಲ್ಲಿನ ಕಡೆ ತಿರುಗಿದೆ.

"ಇವ್ರಿಗಲ್ಲ" ಎಂದು ತಾವೇ ಹೇಳಿಕೊಂಡರು. "ನಾಕ ವರ್ಸ ಇವ್ರ ಮುಂದ ದೀಪ ಉರೀತೈತಿ ಅಂತ ನಾ ಅಲ್ಲಿ ಫ್ಲಾಟಿನಾಗ ಉಂಡು ಮಲಗೇನಿ."

ಅಗೆದದ್ದಕ್ಕೆ ಅವರು ಬೈದಿದ್ದರೆ ನಾನು ಕಾಲು ಹಿಡಿಯುತ್ತಿದ್ದೆ. ಈ ಮಾತಿಗೆ ಹಿಡಿಯಲು ಏನೂ ಇರಲಿಲ್ಲ. ಅವರು ಸುತ್ತ ನೋಡಿದರು. ಗುಂಡಿಯ ಬಲಕ್ಕೆ ನಾವು ಮುರಕಲ್ಲುಗಳನ್ನು ಪೇರಿಸಿದ್ದೆವು.

"ಆ ಕಲ್ಲ ತಗಸ್ರಿ" ಎಂದರು. "ಅದು ನನ್ನ ಜಾಗ."

ಸದಾನಂದಣ್ಣನೇ ಹೋಗಿ ಒಂದೊಂದು ಕಲ್ಲನ್ನೂ ಎತ್ತಿ ದೂರ ಇಟ್ಟರು. ಅರವತ್ತೆಂಟು ವರ್ಷದ ಮನುಷ್ಯ, ಯಾರನ್ನೂ ಹತ್ತಿರ ಬರಗೊಡಲಿಲ್ಲ. ಖಾಲಿಯಾದ ಆ ನೆಲದ ಮೇಲೆ ಶಂಕ್ರಮ್ಮನವರು ಹೋಗಿ ಕೂತರು. ಪೊಲೀಸರು ಎಲುಬುಗಳನ್ನು ಒಂದೊಂದಾಗಿ ಎತ್ತಿ ಬಿಳಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಪರೀಕ್ಷೆಗೆ ಒಯ್ಯುವವರೆಗೂ ಅಲ್ಲೇ ಇದ್ದರು. ಲಿಂಗವನ್ನೂ ಬೇರೆ ಲಕೋಟೆಯಲ್ಲಿ ಹಾಕಿ ಮೊಹರು ಮಾಡಿದರು.

ಮಾರನೆಯ ದಿನ ರುದ್ರಮುನಿ ಬ್ಯಾಡಗಿಯಿಂದ ಸೀದಾ ಸಂಘಕ್ಕೆ ಬಂದರು. ಅವರ ಮೇಲೆ ರೇಗಬೇಕೆಂದೇ ನಾನು ಕೂತಿದ್ದೆ. ಅವರನ್ನು ನೋಡಿದ ಮೇಲೆ ರೇಗಲು ಆಗಲಿಲ್ಲ.

"ಸಮಾಧಿ ಐತಿ ಅಂದ್ರ ನೀವು ಮನಿ ತಗೋತಿರಲಿಲ್ಲ ಅಕ್ಕಾರ" ಎಂದರು. "ನಿಮ್ಮವ್ರು ಮಡಿ ಮೈಲಿಗಿ ಮಂದಿ, ಅಂಥಾ ಮನ್ಯಾಗ ಊಟಕ್ಕ ಕುಂದರತಿದ್ರೇನು? ಬಿಲ್ಡರಿಗೆ ಕೊಟ್ರ ಅಪ್ಪನ ಮ್ಯಾಲೆ ಅಪಾರ್ಟ್‌ಮೆಂಟ್ ಏಳತಿತ್ತು. ನಿಮಗ ಕೊಟ್ರ ಒಂದ ಕಲ್ಲೂ ಅಲ್ಲಾಡ್ಸೂದಿಲ್ಲ ಅಂತ ಕೊಟ್ಟೆ."

"ತಾಯಿಗೆ ಎಂತ ಹೇಳಿದ್ರಿ?"

"ಅವ್ರಿಗೆಲ್ಲಾ ಗೊತ್ತೈತಿ, ನೋಡ್ಕೋತಾರ ಅಂತ. ಪಕ್ಕದ ಜಾಗಾನೂ ಬಿಟ್ಟಾರ ಅಂತ."

ನಾವು ಮಡಿಯ ನೆಪ ಹೇಳಿ ಬೇಡವೆನ್ನುತ್ತಿದ್ದೆವೇ? ಅನ್ನುತ್ತಿದ್ದೆವು. ಅದನ್ನು ಅವರ ಎದುರು ಒಪ್ಪಿಕೊಂಡೆ.

ವರದಿ ಬರಲು ಇಪ್ಪತ್ನಾಲ್ಕು ದಿನ ಹಿಡಿಯಿತು. ಅಷ್ಟರಲ್ಲಿ ಪಕ್ಕದ ಮಹಡಿಯವರು ತೆಗೆದಿದ್ದ ವಿಡಿಯೊ ಊರೆಲ್ಲ ಸುತ್ತಿ, ಮೆಣಸಿನಕಾಯಿ ವ್ಯಾಪಾರಿಯ ಮನೆಯಲ್ಲಿ ಕೊಲೆ ಎಂದಾಗಿತ್ತು. ಕೊಲೆ ಎಂಬ ಮಾತು ಎಲ್ಲಿಂದ ಹುಟ್ಟಿತೆಂದು ನನಗೆ ಗೊತ್ತು. ಕೊನೆಗೆ ಕೊಲೆಯ ಗುರುತೇನೂ ಇಲ್ಲ ಎಂದು ಬಂತು. ಮತ್ತೆ ಹಿತ್ತಲಲ್ಲೇ ಇಡಲು ಬಿಡಿ ಎಂದು ನಾನೂ ಸದಾನಂದಣ್ಣನೂ ಕಂಡಕಂಡ ಕಚೇರಿ ಹತ್ತಿದೆವು. ೧೯೭೯ರಲ್ಲಿ ಮಾಧವರಂ ಹಳ್ಳಿ, ಈಗ ನಗರ. ಮನೆಗಳ ನಡುವೆ ಹೂಳಲು ಕಾನೂನಿನಲ್ಲಿ ಅವಕಾಶವಿಲ್ಲ ಎಂದರು. ಅಗೆಯದೆ ಇದ್ದಿದ್ದರೆ ಯಾರೂ ಕೇಳುತ್ತಿರಲಿಲ್ಲ, ಈಗ ಲೆಕ್ಕಕ್ಕೆ ಬಂದಾಯಿತು ಎಂದು ಒಬ್ಬ ಗುಮಾಸ್ತ ಸಣ್ಣ ದನಿಯಲ್ಲಿ ಹೇಳಿದ.

ಚನ್ನವೀರಪ್ಪನವರನ್ನು ಎರಡನೆಯ ಸಲ ಹೂತದ್ದು ಅವರ ಸಮಾಜದ ರುದ್ರಭೂಮಿಯಲ್ಲಿ. ಪೆಟ್ಟಿಗೆಯೊಳಗಿನ ಎಲುಬನ್ನು ಕೂರಿಸುವುದು ಹೇಗೆ ಎಂದು ಜಂಗಮರಿಗೂ ತಿಳಿಯಲಿಲ್ಲ. ತಲೆಯನ್ನು ಮೇಲೆ ಬರುವಂತೆ ಜೋಡಿಸಿ, ಲಿಂಗವನ್ನು ಪಕ್ಕದಲ್ಲಿಟ್ಟು ಮಣ್ಣು ಹಾಕಿದರು. ನೆತ್ತಿಯ ಬಿರುಕು ಹಾಗೇ ಇತ್ತು. ನಾನು ಅದನ್ನೇ ನೋಡುತ್ತಿದ್ದೆ.

ಮಣ್ಣು ಮುಚ್ಚಿದ ಮೇಲೆ ಶಂಕ್ರಮ್ಮನವರು ಕಾವಲುಗಾರನನ್ನು ಕರೆದು, ಪಕ್ಕದ ಜಾಗ ನನಗೆ ಇಟ್ಟಿರಿ ಎಂದರು. ಅವನು ಒಳ್ಳೆಯವನು, ತಗ್ಗಿದ ದನಿಯಲ್ಲೇ ಹೇಳಿದ. ಇಲ್ಲಿ ಯಾರಿಗೂ ಇಡುವ ಹಾಗಿಲ್ಲ ಅಮ್ಮ, ಬಂದವರಿಗೆ ಬಂದ ಸಾಲಿನಲ್ಲಿ ಗುಂಡಿ. ಈ ಪಕ್ಕದ್ದಕ್ಕೆ ನಾಳೆ ಬೆಳಿಗ್ಗೆಯೇ ಒಬ್ಬರು ಬರುತ್ತಾರೆ.

ಶಂಕ್ರಮ್ಮನವರು ಆ ಪಕ್ಕದ ನೆಲವನ್ನು ಒಂದು ಸಲ ನೋಡಿದರು. ಆಮೇಲೆ ಮಗನನ್ನು ಹತ್ತಿರ ಕರೆದರು. ಅಡುಗೆಗೆ ಏನೇನು ತರಬೇಕೆಂದು ಹೇಳುವ ದನಿಯಲ್ಲಿ ಹೇಳಿದರು.

"ನಾ ಸತ್ರ ನನ್ನ ಸುಟ್ಟ ಬಿಡು. ಬೂದಿ ತಂದು ಇವ್ರ ಮ್ಯಾಲೆ ಹಾಕು. ಬೂದಿಗೆ ಬ್ಯಾರೆ ಜಾಗ ಬೇಕಾಗೂದಿಲ್ಲ."

"ಯವ್ವಾ" ಎಂದರು ರುದ್ರಮುನಿ. ಜಂಗಮರು ಮುಖ ತಿರುಗಿಸಿಕೊಂಡರು. ಅವರ ವಂಶದಲ್ಲಿ ಅಲ್ಲಿಯವರೆಗೆ ಯಾರನ್ನೂ ಬೆಂಕಿಗೆ ಕೊಟ್ಟಿರಲಿಲ್ಲ.

ಶಂಕ್ರಮ್ಮನವರು ನನ್ನ ಕಡೆ ತಿರುಗಿದರು.

"ಇವಂಗೆ ಸುಡೂದು ಗೊತ್ತಿಲ್ಲ ತುಂಗವ್ವ. ನಿಮ್ಮ ಮಂದಿ ಹೆಂಗ ಮಾಡ್ತೀರಿ, ಏನೇನ ಬೇಕು, ಎಲ್ಲಾ ಒಂದ ಹಾಳ್ಯಾಗ ಬರದ ಕೊಡು. ಇವತ್ತ ಬರದ ಕೊಡು."

ಅಲ್ಲೇ ಕಾವಲುಗಾರನ ಬೆಂಚಿನ ಮೇಲೆ ಕೂತು ಬರೆದೆ. ಅವರು ಪಕ್ಕದಲ್ಲಿ ನಿಂತು, ಪ್ರತಿ ಸಾಲನ್ನೂ ನನ್ನಿಂದ ಗಟ್ಟಿಯಾಗಿ ಓದಿಸಿಕೊಂಡರು.